ಒಂದು ಸರ್ಕ್ಯುಲರ್ ಆರ್‌ಎನ್‌ಎ ಕ್ಯಾನ್ಸರ್ ಸಿಗ್ನಲಿಂಗ್‌ನಲ್ಲಿ ಏನು ಮಾಡುತ್ತಿದೆ? ಪತ್ತೆ ಹಚ್ಚುವ ಪೂರ್ತಿ ದಾರಿ

ಕ್ಯಾನ್ಸರ್ ಜೀವಶಾಸ್ತ್ರದಲ್ಲಿ ಹೊಸದಾಗಿ ಸಂಶೋಧನೆ ಶುರು ಮಾಡುವವರ ಕಣ್ಣಿಗೆ ಬೇಗ ಬೀಳುವ ವಿಷಯ ಸರ್ಕ್ಯುಲರ್ ಆರ್‌ಎನ್‌ಎ. ಒಂದು ಸಲ ಸೀಕ್ವೆನ್ಸಿಂಗ್ ಮಾಡಿಸಿದರೆ ಸಾವಿರಾರು ಸರ್ಕ್‌ಆರ್‌ಎನ್‌ಎಗಳ (ಸರ್ಕ್ಯುಲರ್ ಆರ್‌ಎನ್‌ಎಯ ಚಿಕ್ಕ ಹೆಸರು) ಪಟ್ಟಿ ಕೈಗೆ ಬರುತ್ತದೆ. ಗಡ್ಡೆಯಲ್ಲಿ ಜಾಸ್ತಿ ಇರುವ ಒಂದನ್ನು ಆರಿಸಿ, ಅದು ಯಾವ ಮೈಕ್ರೋ ಆರ್‌ಎನ್‌ಎಯನ್ನು (ಬೇರೆ ಜೀನ್‌ಗಳನ್ನು ತಗ್ಗಿಸುವ ಪುಟ್ಟ ಆರ್‌ಎನ್‌ಎ) ಹಿಡಿಯಬಹುದು ಎಂದು ಸಾಫ್ಟ್‌ವೇರಿನಲ್ಲಿ ಹುಡುಕಿ, ಅಲ್ಲಿಂದ ಬೆಳವಣಿಗೆಯ ಸಿಗ್ನಲ್ ಸಾಗಿಸುವ ಎಕೆಟಿಗೋ ಇಆರ್‌ಕೆಗೋ ಒಂದು ಬಾಣ ಎಳೆದರೆ ಚಿತ್ರ ಮುಗಿಯಿತು. ಆದರೆ ಆ ಬಾಣವನ್ನು ನಂಬಿ ಮುಂದೆ ಇನ್ಯಾರೋ ವರ್ಷಗಟ್ಟಲೆ ದುಡಿಯುತ್ತಾರೆ. ಹಾಗಾಗಿ ಬಾಣ ಎಳೆಯುವ ಮೊದಲು ಏನೇನು ತೋರಿಸಬೇಕು, ಯಾವ ಕ್ರಮದಲ್ಲಿ ತೋರಿಸಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಎಂಎಸ್‌ಸಿ ಮಟ್ಟದ ಮಾಲಿಕ್ಯುಲರ್ ಬಯಾಲಜಿ ಗೊತ್ತಿದ್ದರೆ ಸಾಕು.

ವೃತ್ತ ಹುಟ್ಟುವ ಬಗೆ

ಜೀನ್‌ನಿಂದ ಆರ್‌ಎನ್‌ಎ ನಕಲಾದ ಮೇಲೆ ಇಂಟ್ರಾನ್‌ಗಳು ಕತ್ತರಿಸಿ ಹೋಗುತ್ತವೆ, ಎಕ್ಸಾನ್‌ಗಳು ಸಾಲಾಗಿ ಸೇರುತ್ತವೆ. ಇದು ಎಲ್ಲರಿಗೂ ಗೊತ್ತಿರುವ ಸ್ಪ್ಲೈಸಿಂಗ್. ಕೆಲವು ಸಲ ಮುಂದಿನ ಎಕ್ಸಾನ್‌ನ ಬಾಲ ಹಿಂದಿನ ಎಕ್ಸಾನ್‌ನ ತಲೆಗೆ ಬಂದು ಅಂಟಿಕೊಳ್ಳುತ್ತದೆ. ಆಗ ಬಳೆಯಂಥ ಒಂದು ಆರ್‌ಎನ್‌ಎ ಆಗುತ್ತದೆ. ಅಂಟಿದ ಜಾಗಕ್ಕೆ ಬ್ಯಾಕ್‌ಸ್ಪ್ಲೈಸ್ ಜಂಕ್ಷನ್ ಎನ್ನುತ್ತಾರೆ. ಇಡೀ ಮಾರ್ಗದರ್ಶಿಯಲ್ಲಿ ಈ ಜಂಕ್ಷನ್ ಮತ್ತೆ ಮತ್ತೆ ಬರುತ್ತದೆ. ವೃತ್ತವನ್ನು ಅದೇ ಜೀನ್‌ನ ನೇರ ಎಂಆರ್‌ಎನ್‌ಎಯಿಂದ ಬೇರೆ ಮಾಡುವ ಗುರುತು ಅದೊಂದೇ. ಉಳಿದ ಅಕ್ಷರಗಳೆಲ್ಲ ಎರಡರಲ್ಲೂ ಒಂದೇ.

ವೃತ್ತಕ್ಕೆ ತುದಿಗಳಿಲ್ಲ. ಆರ್‌ಎನ್‌ಎಯನ್ನು ತುದಿಯಿಂದ ತಿನ್ನುತ್ತಾ ಬರುವ ಕಿಣ್ವಗಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅದಕ್ಕೇ ಇವು ಬಹಳ ಹೊತ್ತು ಉಳಿಯುತ್ತವೆ. 2013ರಲ್ಲಿ ಮನುಷ್ಯರ ಫೈಬ್ರೋಬ್ಲಾಸ್ಟ್ ಕೋಶಗಳಲ್ಲಿ ಅಳೆದಾಗ ಹಲವು ಸರ್ಕ್‌ಆರ್‌ಎನ್‌ಎಗಳ ಅರ್ಧಾಯುಷ್ಯ 48 ಗಂಟೆಗೂ ಹೆಚ್ಚಿತ್ತು. ಎಕ್ಸಾನ್‌ಗಳ ಎರಡೂ ಬದಿಯ ಇಂಟ್ರಾನ್‌ಗಳಲ್ಲಿ ಆಲು ಎಂಬ ಪುನರಾವರ್ತನೆಗಳು ಎದುರುಬದುರಾಗಿ ಇದ್ದರೆ ಅವು ಒಂದಕ್ಕೊಂದು ಜೋಡಿಯಾಗಿ, ವೃತ್ತ ಸುಲಭವಾಗಿ ಆಗುತ್ತದೆ.

ಈ ವಿಷಯ ಮತ್ತೆ ಮತ್ತೆ ಕ್ಯಾನ್ಸರ್ ಲ್ಯಾಬುಗಳಲ್ಲೇ ಕಣ್ಣಿಗೆ ಬಿದ್ದಿದ್ದು ನನಗೆ ತುಂಬಾ ಇಷ್ಟವಾದ ಸಂಗತಿ. 1991ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಫೋಗಲ್‌ಸ್ಟೈನ್ ತಂಡ, ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಕಾಣೆಯಾಗುವ ಡಿಸಿಸಿ ಜೀನ್ ಅಭ್ಯಾಸ ಮಾಡುವಾಗ ಎಕ್ಸಾನ್‌ಗಳು ಹಿಂದುಮುಂದಾಗಿ ಸೇರಿರುವುದನ್ನು ಕಂಡಿತು. ಆಮೇಲೆ ಸುಮಾರು ಎರಡು ದಶಕ ಇದನ್ನು ಸ್ಪ್ಲೈಸಿಂಗ್‌ನ ತಪ್ಪು ಅಂತಲೇ ಬಹುಮಂದಿ ತಿಳಿದಿದ್ದರು. 2012ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೂಲಿಯಾ ಸಾಲ್ಜ್‌ಮನ್ ಮತ್ತು ಸಂಗಡಿಗರು ಮಕ್ಕಳ ಲ್ಯುಕೇಮಿಯಾ ಸ್ಯಾಂಪಲ್‌ಗಳಲ್ಲಿ ಜೀನ್‌ಗಳ ಅದಲುಬದಲು ಹುಡುಕುತ್ತಿದ್ದರು. ಎಕ್ಸಾನ್‌ಗಳು ಹಿಂದುಮುಂದಾಗಿ ಸೇರಿದ ಆರ್‌ಎನ್‌ಎ ಆರೋಗ್ಯವಾಗಿರುವ ಕೋಶಗಳಲ್ಲೂ ಸಿಕ್ಕಿತು. ನೂರಾರು ಜೀನ್‌ಗಳಲ್ಲಿ ವೃತ್ತವೇ ಮುಖ್ಯ ರೂಪ ಎಂದು ಗೊತ್ತಾಯಿತು.

ಹೆಜ್ಜೆ 1: ಸರಿಯಾದ ಡೇಟಾ ಹಿಡಿಯಿರಿ

ಸರ್ಕ್‌ಆರ್‌ಎನ್‌ಎಗೆ ಪಾಲಿ-ಎ ಬಾಲ ಇರುವುದಿಲ್ಲ. ಹಾಗಾಗಿ ಪಾಲಿ-ಎ ಹಿಡಿದು ಮಾಡಿದ ಸೀಕ್ವೆನ್ಸಿಂಗ್‌ನಲ್ಲಿ ಹೆಚ್ಚಿನವು ಬಿಟ್ಟುಹೋಗುತ್ತವೆ. ಟಿಸಿಜಿಎ ಎಂಬ ಅಮೆರಿಕದ ದೊಡ್ಡ ಕ್ಯಾನ್ಸರ್ ಜೀನೋಮ್ ಸಂಗ್ರಹದ ಬಹುತೇಕ ಆರ್‌ಎನ್‌ಎ ಡೇಟಾ ಇಂಥದ್ದೇ. ಹೊಸದಾಗಿ ಮಾಡಿಸುವುದಾದರೆ ಒಟ್ಟು ಆರ್‌ಎನ್‌ಎಯಿಂದ ರೈಬೋಸೋಮಲ್ ಆರ್‌ಎನ್‌ಎ ಮಾತ್ರ ತೆಗೆದ ಲೈಬ್ರರಿ ಕೇಳಿ. ಹಣ ಇಲ್ಲದಿದ್ದರೆ ಚಿಂತೆ ಬೇಡ. ಮಿಷಿಗನ್‌ನ ಅರುಳ್ ಚಿನ್ನಯ್ಯನ್ ತಂಡ 2019ರಲ್ಲಿ ಮಿಆಂಕೋಸರ್ಕ್ ಎಂಬ ಸಂಗ್ರಹವನ್ನು ಎಲ್ಲರಿಗೂ ತೆರೆದಿಟ್ಟಿದೆ. ಅದರಲ್ಲಿ 2000ಕ್ಕೂ ಹೆಚ್ಚು ಕ್ಯಾನ್ಸರ್ ಸ್ಯಾಂಪಲ್‌ಗಳ ಸರ್ಕ್‌ಆರ್‌ಎನ್‌ಎ ಮಾಹಿತಿ ಇದೆ. ಮೊದಲ ಸುತ್ತಿನ ಹುಡುಕಾಟವನ್ನು ಲ್ಯಾಪ್‌ಟಾಪಿನಲ್ಲೇ ಮಾಡಬಹುದು.

ಸ್ವಂತ ಡೇಟಾ ಇದ್ದರೆ ಸಿರಿ2, ಸರ್ಕ್‌ಎಕ್ಸ್‌ಪ್ಲೋರರ್2 ಇಂಥ ಕನಿಷ್ಠ ಎರಡು ಪ್ರೋಗ್ರಾಮ್ ಓಡಿಸಿ. 2023ರಲ್ಲಿ 16 ಪ್ರೋಗ್ರಾಮ್‌ಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷಿಸಿದರು. ಅವು ಹೇಳಿದ್ದರಲ್ಲಿ ಹೆಚ್ಚಿನವು ಲ್ಯಾಬಿನಲ್ಲೂ ನಿಜವಾದವು. ಆದರೆ ಎಷ್ಟನ್ನು ಹಿಡಿಯುತ್ತವೆ ಎನ್ನುವುದರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಭಾರೀ ವ್ಯತ್ಯಾಸವಿತ್ತು. ಒಂದನ್ನೇ ನಂಬಿದರೆ ಒಳ್ಳೆಯದೊಂದು ಕೈತಪ್ಪಬಹುದು.

ರೋಗಿಗಳ ಅಂಗಾಂಶ ಬಳಸುವುದಾದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲೇ ಬೇಕು. ಇದನ್ನು ಕೊನೆಗೆ ನೋಡಿಕೊಳ್ಳೋಣ ಅಂತ ಬಿಡಬೇಡಿ.

ಪಟ್ಟಿ ಬಂದ ಮೇಲೆ ಒಂದು ಎಚ್ಚರಿಕೆ. ಗಡ್ಡೆಯಲ್ಲಿ ಒಂದು ಸರ್ಕ್‌ಆರ್‌ಎನ್‌ಎ ಕಡಿಮೆ ಇದೆ ಅಂದಮಾತ್ರಕ್ಕೆ ಅದು ಗಡ್ಡೆಯನ್ನು ತಡೆಯುತ್ತದೆ ಅಂತಲ್ಲ. ವೃತ್ತಗಳು ನಿಧಾನವಾಗಿ ಆಗುತ್ತವೆ, ನಿಧಾನವಾಗಿ ಹೋಗುತ್ತವೆ. ಬೇಗ ಬೇಗ ವಿಭಜನೆಯಾಗುವ ಕೋಶದಲ್ಲಿ ಇದ್ದದ್ದು ಮರಿಕೋಶಗಳಿಗೆ ಹಂಚಿಹೋಗಿ ತೆಳುವಾಗುತ್ತದೆ. ಕರುಳಿನ ಕ್ಯಾನ್ಸರಿನಲ್ಲಿ ಸರ್ಕ್‌ಆರ್‌ಎನ್‌ಎ ಒಟ್ಟಾರೆ ಕಡಿಮೆ ಇರುವುದಕ್ಕೂ ಕೋಶ ವಿಭಜನೆಯ ವೇಗಕ್ಕೂ ನಂಟಿದೆ ಎಂದು 2015ರಲ್ಲೇ ತೋರಿಸಿದ್ದಾರೆ. ಆದ್ದರಿಂದ ನಿಮ್ಮ ವೃತ್ತವನ್ನು ಅದೇ ಜೀನ್‌ನ ನೇರ ಎಂಆರ್‌ಎನ್‌ಎ ಜೊತೆಗೂ ಹೋಲಿಸಿ, ಉಳಿದ ವೃತ್ತಗಳ ಜೊತೆಗೂ ಹೋಲಿಸಿ. ಎಲ್ಲ ವೃತ್ತಗಳೂ ಇಳಿದಿದ್ದು ನಿಮ್ಮದೂ ಇಳಿದಿದ್ದರೆ, ಅದರಲ್ಲಿ ವಿಶೇಷ ಏನೂ ಇಲ್ಲ.

ಹೆಜ್ಜೆ 2: ಅದು ನಿಜವಾಗಿಯೂ ವೃತ್ತವೇ?

ಇಲ್ಲಿ ಅವಸರ ಬೇಡ. ಮೂರು ನಾಲ್ಕು ಬಗೆಯ ಸಾಕ್ಷಿ ಒಟ್ಟಿಗೆ ಬೇಕು.

ಮೊದಲು ಪ್ರೈಮರ್. ಸಾಮಾನ್ಯ ಪಿಸಿಆರ್‌ನಲ್ಲಿ ಎರಡು ಪ್ರೈಮರ್‌ಗಳು ಮುಖಾಮುಖಿಯಾಗಿರುತ್ತವೆ. ಇಲ್ಲಿ ಅವು ಬೆನ್ನು ತಿರುಗಿಸಿ ನಿಂತಿರಬೇಕು. ನೇರ ಆರ್‌ಎನ್‌ಎಯಲ್ಲಿ ಇವುಗಳಿಂದ ಏನೂ ಬರುವುದಿಲ್ಲ. ವೃತ್ತದಲ್ಲಿ ಮಾತ್ರ ಸುತ್ತಿಕೊಂಡು ಜಂಕ್ಷನ್ ದಾಟಿ ಒಂದು ತುಂಡು ಬರುತ್ತದೆ. ಇದೇ ಪ್ರೈಮರ್‌ಗಳನ್ನು ಅದೇ ಕೋಶಗಳ ಜೀನೋಮಿಕ್ ಡಿಎನ್‌ಎ ಮೇಲೂ ಹಾಕಿ ನೋಡಿ, ಅಲ್ಲಿ ಬ್ಯಾಂಡ್ ಬರಬಾರದು. ಬಂದರೆ ಡಿಎನ್‌ಎಯಲ್ಲೇ ಆ ಭಾಗ ಎರಡು ಸಲ ಇರಬಹುದು. ಸಿಡಿಎನ್‌ಎ ಮಾಡುವಾಗ ಒಲಿಗೋ-ಡಿಟಿ ಬದಲು ರಾಂಡಮ್ ಹೆಕ್ಸಾಮರ್ ಬಳಸಿ. ಬಂದ ಬ್ಯಾಂಡನ್ನು ಸ್ಯಾಂಗರ್ ಸೀಕ್ವೆನ್ಸಿಂಗ್‌ಗೆ ಕಳಿಸಿ ಜಂಕ್ಷನ್ ಅಕ್ಷರಗಳನ್ನು ಕಣ್ಣಾರೆ ನೋಡಿ. ಜೆಲ್‌ನಲ್ಲಿ ಏಣಿಯ ಮೆಟ್ಟಿಲಿನ ಹಾಗೆ ಹಲವು ಬ್ಯಾಂಡ್ ಕಂಡರೆ ಗಾಬರಿಯಾಗಬೇಡಿ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಒಂದೇ ವೃತ್ತದ ಮೇಲೆ ಎರಡು ಮೂರು ಸುತ್ತು ಹೋದರೂ ಹೀಗಾಗುತ್ತದೆ.

ಇಷ್ಟಕ್ಕೇ ನಿಲ್ಲಿಸುವಂತಿಲ್ಲ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಒಂದು ಆರ್‌ಎನ್‌ಎಯಿಂದ ಇನ್ನೊಂದಕ್ಕೆ ಜಿಗಿದು ಸುಳ್ಳು ಜಂಕ್ಷನ್ ಹುಟ್ಟಿಸಬಲ್ಲದು. ಅದಕ್ಕೇ ಆರ್‌ಎನೇಸ್ ಆರ್ ಪರೀಕ್ಷೆ. ಈ ಕಿಣ್ವ ನೇರ ಆರ್‌ಎನ್‌ಎಯನ್ನು 3' ತುದಿಯಿಂದ ತಿನ್ನುತ್ತದೆ, ವೃತ್ತವನ್ನು ಬಿಡುತ್ತದೆ. ಒಂದೇ ಆರ್‌ಎನ್‌ಎಯನ್ನು ಎರಡು ಪಾಲು ಮಾಡಿ. ಒಂದಕ್ಕೆ ಕಿಣ್ವ, ಇನ್ನೊಂದಕ್ಕೆ ಬರೀ ಬಫರ್. ಎರಡನ್ನೂ 37 ಡಿಗ್ರಿಯಲ್ಲಿ ಅಷ್ಟೇ ಹೊತ್ತು ಇಡಿ. ಇಲ್ಲೊಂದು ಸೂಕ್ಷ್ಮ ಇದೆ. ಲೆಕ್ಕ ಮಾಡುವಾಗ ಜಿಎಪಿಡಿಎಚ್‌ನಂಥ ನೇರ ಎಂಆರ್‌ಎನ್‌ಎಗೆ ಹೋಲಿಸಬೇಡಿ, ಏಕೆಂದರೆ ಕಿಣ್ವ ಅದನ್ನೇ ತಿಂದಿರುತ್ತದೆ! ಹಾಗೆ ಮಾಡಿದರೆ ನಿಮ್ಮ ವೃತ್ತ ನೂರು ಪಟ್ಟು ಹೆಚ್ಚಿದಂತೆ ಸುಮ್ನೆ ಕಾಣುತ್ತದೆ. ಕಿಣ್ವದ ಕೆಲಸ ಮುಗಿದ ಮೇಲೆ ಹೊರಗಿನ ಒಂದು ಆರ್‌ಎನ್‌ಎಯನ್ನು ಎರಡೂ ಟ್ಯೂಬಿಗೆ ಒಂದೇ ಪ್ರಮಾಣದಲ್ಲಿ ಹಾಕಿ, ಅದಕ್ಕೆ ಹೋಲಿಸಿ. ಕೆಲವು ವೃತ್ತಗಳು ಆರ್‌ಎನೇಸ್ ಆರ್‌ಗೆ ಸ್ವಲ್ಪ ಕರಗುವುದೂ ಉಂಟು. ಹಾಗೆಯೇ ಗಟ್ಟಿ ಮಡಿಕೆ ಇರುವ ಕೆಲವು ನೇರ ಆರ್‌ಎನ್‌ಎಗಳು ಕರಗದೆ ಉಳಿಯುತ್ತವೆ. ಈ ಎರಡನೆಯದಕ್ಕೆ ಬಫರಿನಲ್ಲಿ ಪೊಟ್ಯಾಸಿಯಂ ಬದಲು ಲಿಥಿಯಂ ಬಳಸುವ ವಿಧಾನ 2019ರಿಂದ ಬಂದಿದೆ.

ಇದರ ಜೊತೆಗೆ ಆಕ್ಟಿನೋಮೈಸಿನ್ ಡಿ ಹಾಕಿ ಹೊಸ ಆರ್‌ಎನ್‌ಎ ಆಗುವುದನ್ನು ನಿಲ್ಲಿಸಿ, 24 ಗಂಟೆಯವರೆಗೆ ಆಗಾಗ ಸ್ಯಾಂಪಲ್ ತೆಗೆಯಿರಿ. ನೇರ ರೂಪ ಇಳಿಯುತ್ತಾ ಹೋಗಬೇಕು, ವೃತ್ತ ಹೆಚ್ಚುಕಡಿಮೆ ಹಾಗೇ ಇರಬೇಕು. ಪ್ರಮಾಣ ಸಾಕಷ್ಟಿದ್ದರೆ ನಾರ್ದರ್ನ್ ಬ್ಲಾಟ್ ಕೂಡ ಮಾಡಿ. ಹಳೆಯ ವಿಧಾನ ನಿಜ, ಆದರೆ ಅದರಲ್ಲಿ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲ, ಪಿಸಿಆರ್ ಇಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಹೆಜ್ಜೆ 3: ಯಾವ ಕೋಶದಲ್ಲಿದೆ ಎಂದು ನೋಡಿ

ಬಹಳಷ್ಟು ಜನ ದಾಟಿಸಿ ಹೋಗುವ ಹೆಜ್ಜೆ ಇದು. ಸಿಡಿಆರ್1ಎಎಸ್ ಎಂಬ ಸರ್ಕ್‌ಆರ್‌ಎನ್‌ಎಯ ಕತೆ ಕೇಳಿದರೆ ಇದು ಯಾಕೆ ಬೇಕು ಅಂತ ಅರ್ಥವಾಗುತ್ತದೆ.

2013ರಲ್ಲಿ ಬರ್ಲಿನ್ ಮತ್ತು ಡೆನ್ಮಾರ್ಕಿನ ಆರ್ಹುಸ್‌ನ ಎರಡು ತಂಡಗಳು ಇದರಲ್ಲಿ ಮಿರ್-7 ಎಂಬ ಮೈಕ್ರೋ ಆರ್‌ಎನ್‌ಎ ಕೂರಲು 70ಕ್ಕೂ ಹೆಚ್ಚು ಜಾಗಗಳಿವೆ ಎಂದು ತೋರಿಸಿದವು. ಮಿರ್-7 ಇಜಿಎಫ್‌ಆರ್, ರಾಫ್1ನಂಥ ಬೆಳವಣಿಗೆಯ ಪ್ರೋಟೀನ್‌ಗಳನ್ನು ತಗ್ಗಿಸುತ್ತದೆ. ಹಾಗಾದರೆ ವೃತ್ತ ಮಿರ್-7ನ್ನು ಸ್ಪಂಜಿನಂತೆ ಹೀರಿಕೊಂಡರೆ ಇಜಿಎಫ್‌ಆರ್ ಏರುತ್ತದೆ, ಕ್ಯಾನ್ಸರ್ ಬೆಳೆಯುತ್ತದೆ. ತರ್ಕ ಚೆನ್ನಾಗಿದೆ ಅಲ್ವಾ? ಇದರ ಮೇಲೆ ಹಲವು ಕ್ಯಾನ್ಸರ್‌ಗಳಲ್ಲಿ ಪೇಪರುಗಳು ಬಂದವು.

2020ರಲ್ಲಿ ಆರ್ಹುಸ್ ತಂಡವೇ ಕರುಳಿನ ಗಡ್ಡೆಯ ಸ್ಲೈಸ್‌ಗಳಲ್ಲಿ ಜಂಕ್ಷನ್ ಪ್ರೋಬ್ ಹಾಕಿ ನೋಡಿತು. ಕ್ಯಾನ್ಸರ್ ಕೋಶಗಳಲ್ಲಿ ಅದು ಇರಲೇ ಇಲ್ಲ. ಸುತ್ತಲಿನ ಸ್ಟ್ರೋಮಾ, ಅಂದರೆ ಗಡ್ಡೆಗೆ ಆಧಾರವಾಗಿರುವ ಕ್ಯಾನ್ಸರ್ ಅಲ್ಲದ ಕೋಶಗಳಲ್ಲಿ ತುಂಬಾ ಇತ್ತು. ಇಡೀ ಗಡ್ಡೆಯನ್ನು ಅರೆದು ಅಳೆದಾಗ ಕಾಣುವ ಏರಿಳಿತ, ಆ ತುಂಡಿನಲ್ಲಿ ಸ್ಟ್ರೋಮಾ ಎಷ್ಟಿದೆ ಎಂಬುದರದ್ದೇ ಆಗಿರಬಹುದು. ಆ ಊಹೆಯನ್ನು ಮೊದಲು ಮುಂದಿಟ್ಟ ಲ್ಯಾಬೇ ಅದನ್ನು ಮತ್ತೆ ಪರೀಕ್ಷಿಸಿತಲ್ಲ, ಅದಕ್ಕೆ ನನ್ನ ಗೌರವವಿದೆ.

ಇನ್ನೊಂದು ಬದಿಯಲ್ಲಿ, ಬರ್ಲಿನ್ ತಂಡ 2017ರಲ್ಲಿ ಈ ವೃತ್ತವಿಲ್ಲದ ಇಲಿಗಳನ್ನು ಮಾಡಿತು. ಸ್ಪಂಜ್ ಹೋದರೆ ಮಿರ್-7ರ ಕೈ ಮೇಲಾಗಬೇಕಿತ್ತು. ಇಲಿಗಳ ಮಿದುಳಿನಲ್ಲಿ ಮಿರ್-7 ಕಡಿಮೆಯೇ ಆಯಿತು, ಅದು ತಗ್ಗಿಸಬೇಕಿದ್ದ ಜೀನ್‌ಗಳು ಏರಿದವು. ಅಂದರೆ ಅಲ್ಲಿ ವೃತ್ತ ಮಿರ್-7ನ್ನು ಕಾಪಾಡುತ್ತಿತ್ತು. ಮೆಲನೋಮಾದಲ್ಲಂತೂ 2020ರಲ್ಲಿ ಬೇರೆಯದೇ ಕಂಡಿತು. ಅಲ್ಲಿ ಸಿಡಿಆರ್1ಎಎಸ್ ಅಡಗಿಹೋದಾಗ ಐಜಿಎಫ್2ಬಿಪಿ3 ಎಂಬ ಪ್ರೋಟೀನ್ ಮೂಲಕ ಕ್ಯಾನ್ಸರ್ ಹರಡುವುದು ಹೆಚ್ಚುತ್ತದೆ.

ಆದ್ದರಿಂದ ನಿಮ್ಮ ವೃತ್ತಕ್ಕೆ ಜಂಕ್ಷನ್ ಮೇಲೆ ಕೂರುವ ಪ್ರೋಬ್ ಮಾಡಿಸಿ, ಅಂಗಾಂಶದ ಸ್ಲೈಸ್‌ನಲ್ಲಿ ಯಾವ ಕೋಶ ಹೊಳೆಯುತ್ತದೆ ನೋಡಿ. ಆಮೇಲೆ ಕೋಶದ ಒಳಗೆ ನ್ಯೂಕ್ಲಿಯಸ್ಸಿನಲ್ಲಿದೆಯೋ ಸೈಟೋಪ್ಲಾಸಂನಲ್ಲಿದೆಯೋ ಬೇರ್ಪಡಿಸಿ ಅಳೆಯಿರಿ. ನ್ಯೂಕ್ಲಿಯಸ್ಸಿನೊಳಗೇ ಕೂತಿರುವ ವೃತ್ತ ಸೈಟೋಪ್ಲಾಸಂನ ಮೈಕ್ರೋ ಆರ್‌ಎನ್‌ಎಯನ್ನು ಹಿಡಿಯುತ್ತದೆ ಎಂದು ಬರೆದರೆ ಯಾರೂ ಒಪ್ಪುವುದಿಲ್ಲ.

ಹೆಜ್ಜೆ 4: ಎಣಿಸಿ

ಒಂದು ಕೋಶಕ್ಕೆ ಎಷ್ಟು ವೃತ್ತ? ಡ್ರಾಪ್ಲೆಟ್ ಡಿಜಿಟಲ್ ಪಿಸಿಆರ್‌ನಲ್ಲಿ ಅಥವಾ ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡ್ ಜೊತೆಗಿಟ್ಟು ಇದನ್ನು ಎಣಿಸಬಹುದು.

ಒಂದು ಲೆಕ್ಕ ನೋಡಿ. ನಿಮ್ಮ ವೃತ್ತ ಕೋಶಕ್ಕೆ 100 ಇದೆ ಅಂದುಕೊಳ್ಳಿ. ಪ್ರತಿಯೊಂದರಲ್ಲೂ ಒಂದು ಮೈಕ್ರೋ ಆರ್‌ಎನ್‌ಎಗೆ 2 ಜಾಗ. ಒಟ್ಟು 200. ಆ ಮೈಕ್ರೋ ಆರ್‌ಎನ್‌ಎ ಕೋಶದಲ್ಲಿ 10,000 ಇದ್ದರೆ, ಎಲ್ಲ ಜಾಗ ತುಂಬಿದರೂ ಹಿಡಿದದ್ದು ನೂರಕ್ಕೆ 2. ಇದರಿಂದ ಸಿಗ್ನಲಿಂಗ್ ಬದಲಾಯಿತು ಎನ್ನುವುದು ಕಷ್ಟ. ಅದರ ಮೇಲೆ, ಅದೇ ಮೈಕ್ರೋ ಆರ್‌ಎನ್‌ಎಗೆ ಜಾಗ ಕೊಡುವ ಸಾವಿರಾರು ನೇರ ಎಂಆರ್‌ಎನ್‌ಎಗಳೂ ಅಲ್ಲೇ ಪೈಪೋಟಿಗೆ ಇರುತ್ತವೆ. ಸಿಡಿಆರ್1ಎಎಸ್‌ನಂಥ 70 ಜಾಗಗಳ ವೃತ್ತ ತೀರಾ ಅಪರೂಪ. ಹೆಚ್ಚಿನ ವೃತ್ತಗಳಲ್ಲಿ ಒಂದೋ ಎರಡೋ ಜಾಗ, ಸಂಖ್ಯೆಯೂ ಕಡಿಮೆ. ಈ ಒಂದು ಲೆಕ್ಕ ಮೊದಲೇ ಮಾಡಿದರೆ ಎಷ್ಟೋ ತಿಂಗಳು ಉಳಿಯುತ್ತದೆ. ಲೆಕ್ಕ ಒಪ್ಪದಿದ್ದರೆ ಸ್ಪಂಜ್ ಊಹೆ ಬಿಟ್ಟು ಬೇರೆ ದಾರಿ ಹುಡುಕಿ.

ಹೆಜ್ಜೆ 5: ವೃತ್ತವನ್ನಷ್ಟೇ ತಗ್ಗಿಸಿ

ವೃತ್ತ ತಗ್ಗಬೇಕು, ಅದೇ ಜೀನ್‌ನ ನೇರ ಎಂಆರ್‌ಎನ್‌ಎ ತಗ್ಗಬಾರದು. ಅದಕ್ಕೆ ಎಸ್ಐಆರ್‌ಎನ್‌ಎ ಜಂಕ್ಷನ್ ಮೇಲೇ ಕೂರಬೇಕು. ಸುಮಾರು 20 ಅಕ್ಷರಗಳ ಜಾಗ, ಆಯ್ಕೆ ಕಡಿಮೆ. ಒಂದೆರಡು ಅಕ್ಷರ ಆಚೀಚೆ ಸರಿಸಿ ಕನಿಷ್ಠ ಎರಡು ಎಸ್ಐಆರ್‌ಎನ್‌ಎ ಮಾಡಿಸಿ. ಎಸ್ಐಆರ್‌ಎನ್‌ಎಯ ಅರ್ಧಭಾಗ ನೇರ ಎಂಆರ್‌ಎನ್‌ಎಗೂ ಹೊಂದುತ್ತದಲ್ಲ, ಹಾಗಾಗಿ ಅದು ಮೈಕ್ರೋ ಆರ್‌ಎನ್‌ಎ ಥರ ಅಲ್ಲೂ ಕೈಯಾಡಿಸಬಹುದು. ಇದಕ್ಕೆ ಕಂಟ್ರೋಲ್ ಆಗಿ, ಒಂದರ್ಧ ಹಾಗೇ ಉಳಿಸಿ ಇನ್ನರ್ಧದ ಅಕ್ಷರ ಬದಲಿಸಿದ ಎಸ್ಐಆರ್‌ಎನ್‌ಎಗಳನ್ನೂ ಇಡಿ. ನೇರ ಎಂಆರ್‌ಎನ್‌ಎಯನ್ನಷ್ಟೇ ಅಲ್ಲ, ಅದರ ಪ್ರೋಟೀನನ್ನೂ ಅಳೆಯಿರಿ. 2021ರಿಂದ ಆರ್‌ಎನ್‌ಎ ಕತ್ತರಿಸುವ ಕ್ಯಾಸ್13 ಕಿಣ್ವ ಬಳಸಿ ತಗ್ಗಿಸುವ ವಿಧಾನವೂ ಇದೆ. ಎರಡು ಬೇರೆ ಬೇರೆ ವಿಧಾನದಲ್ಲಿ ಒಂದೇ ಫಲಿತಾಂಶ ಬಂದರೆ ನಂಬಿಕೆ ಗಟ್ಟಿಯಾಗುತ್ತದೆ.

ವೃತ್ತವನ್ನು ಏರಿಸುವ ಪ್ಲಾಸ್ಮಿಡ್‌ಗಳಲ್ಲಿ ಎಕ್ಸಾನ್‌ನ ಎರಡೂ ಬದಿಗೆ ಎದುರುಬದುರು ಪುನರಾವರ್ತನೆಗಳನ್ನು ಇಟ್ಟಿರುತ್ತಾರೆ. ಇವುಗಳಿಂದ ವೃತ್ತದ ಜೊತೆಗೆ ಬೇಡದ ನೇರ ಆರ್‌ಎನ್‌ಎಯೂ ಬರುತ್ತದೆ. ಏನೇನು ಬಂದಿದೆ ಎಂದು ನಾರ್ದರ್ನ್‌ನಲ್ಲಿ ನೋಡದೆ ಮುಂದೆ ಹೋಗಬೇಡಿ. ಸಾವಿರ ಪಟ್ಟು ಏರಿಸಿ ಸಿಕ್ಕ ಪರಿಣಾಮ ಸಹಜ ಕೋಶದಲ್ಲಿ ಇರುತ್ತದೆ ಎಂಬ ಖಾತ್ರಿಯೂ ಇಲ್ಲ.

ಹೆಜ್ಜೆ 6: ಸಿಗ್ನಲ್ ಅಳೆಯುವುದು

ಈಗ ಮುಖ್ಯ ಪ್ರಶ್ನೆ. ಸಿಗ್ನಲಿಂಗ್ ಎಂದರೆ ಹೊತ್ತಿನೊಂದಿಗೆ ಬದಲಾಗುವ ಸಂಗತಿ. ಒಂದೇ ಹೊತ್ತಿನ ಒಂದು ವೆಸ್ಟರ್ನ್ ಬ್ಲಾಟ್ ಸಾಲದು.

ಇಜಿಎಫ್‌ಆರ್ ದಾರಿ ಅಂತ ಇಟ್ಟುಕೊಳ್ಳಿ. ಕೋಶಗಳನ್ನು ರಾತ್ರಿಯಿಡೀ ಸೀರಂ ಇಲ್ಲದೆ ಇಡಿ. ಬೆಳಿಗ್ಗೆ ಇಜಿಎಫ್ ಹಾಕಿ 0, 5, 15, 30, 60 ನಿಮಿಷಕ್ಕೆ ಕೋಶ ಒಡೆಯಿರಿ. ಫಾಸ್ಫಟೇಸ್ ತಡೆಯುವ ಮದ್ದು ಬಫರಿನಲ್ಲಿ ಇರಲೇಬೇಕು, ಪ್ಲೇಟು ಐಸ್ ಮೇಲೇ ಇರಬೇಕು. ಫಾಸ್ಫೊ-ಇಜಿಎಫ್‌ಆರ್, ಫಾಸ್ಫೊ-ಇಆರ್‌ಕೆ, ಎಕೆಟಿಯ ಥ್ರಿಯೋನಿನ್ 308 ಮತ್ತು ಸೀರಿನ್ 473 ಎರಡನ್ನೂ ನೋಡಿ. ಪ್ರತಿಯೊಂದಕ್ಕೂ ಒಟ್ಟು ಪ್ರೋಟೀನ್ ಬ್ಲಾಟ್ ಪಕ್ಕದಲ್ಲೇ ಇರಲಿ. ಒಟ್ಟು ಇಜಿಎಫ್‌ಆರ್ ಪ್ರಮಾಣವೇ ಏರಿದೆಯೋ, ಇದ್ದಷ್ಟು ಪ್ರೋಟೀನ್ ಹೆಚ್ಚು ಚುರುಕಾಗಿದೆಯೋ ಎಂಬುದು ಆಗಷ್ಟೇ ತಿಳಿಯುತ್ತದೆ. ಇವೆರಡರ ಕಾರಣಗಳು ಬೇರೆ ಬೇರೆ.

ಆಮೇಲೆ ದಾರಿಯನ್ನು ನಡುವೆ ಕಡಿಯಿರಿ. ವೃತ್ತ ಏರಿಸಿದಾಗ ಕೋಶ ವೇಗವಾಗಿ ಬೆಳೆದರೆ, ಜೆಫಿಟಿನಿಬ್ ಹಾಕಿ ಇಜಿಎಫ್‌ಆರ್ ನಿಲ್ಲಿಸಿ. ಆಗಲೂ ವೃತ್ತದಿಂದ ಬೆಳವಣಿಗೆ ಹೆಚ್ಚಿದರೆ ಅದು ಇಜಿಎಫ್‌ಆರ್ ಮೂಲಕ ಆಗುತ್ತಿಲ್ಲ. ವೃತ್ತ ತಗ್ಗಿಸಿದ ಕೋಶಕ್ಕೆ ಸದಾ ಚುರುಕಾಗಿರುವ ಎಕೆಟಿ ರೂಪ ಕೊಟ್ಟು, ಬೆಳವಣಿಗೆ ಮರಳುತ್ತದೆಯೋ ನೋಡಿ. ಕೊನೆಗೆ ಎಸ್ಐಆರ್‌ಎನ್‌ಎಗೆ ಸಿಗದಂತೆ ಜಂಕ್ಷನ್ನಿನ ಕೆಲ ಅಕ್ಷರ ಬದಲಿಸಿದ ವೃತ್ತವನ್ನು ವಾಪಸ್ ಕೊಡಿ. ಎಲ್ಲ ಮೊದಲಿನಂತಾದರೆ, ಪರಿಣಾಮ ವೃತ್ತದ್ದೇ ಎಂದು ಧೈರ್ಯವಾಗಿ ಹೇಳಬಹುದು.

ಸಿಗ್ನಲ್ ಕೂಡ ವೃತ್ತಗಳನ್ನು ಬದಲಿಸುತ್ತದೆ ಎಂಬುದು ನೆನಪಿರಲಿ. 2015ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ಸ್ತನದ ಕೋಶಗಳಿಗೆ ಟಿಜಿಎಫ್-ಬೀಟಾ ಕೊಟ್ಟಿತು. ಕೋಶಗಳು ಹರಡುವ ರೂಪಕ್ಕೆ ತಿರುಗಿದವು, ನೂರಾರು ಸರ್ಕ್‌ಆರ್‌ಎನ್‌ಎಗಳ ಪ್ರಮಾಣ ಬದಲಾಯಿತು. ಹೇರಳವಾಗಿರುವ ವೃತ್ತಗಳಲ್ಲಿ ಮೂರನೇ ಒಂದಕ್ಕೂ ಹೆಚ್ಚಿನದಕ್ಕೆ ಕ್ವೇಕಿಂಗ್ ಎಂಬ ಪ್ರೋಟೀನ್ ಕಾರಣವಾಗಿತ್ತು. ನಿಮ್ಮ ವೃತ್ತ ಸಿಗ್ನಲ್ಲಿನ ಕಾರಣವೋ ಫಲವೋ ಎಂದು ತಿಳಿಯಲು, ಸಿಗ್ನಲ್ ಕೊಟ್ಟ ಮೇಲೆ ಅದು ಯಾವಾಗ ಏರುತ್ತದೆ ಎಂದೂ ಅಳೆಯಿರಿ.

ಹೆಜ್ಜೆ 7: ಹೇಗೆ ಮಾಡುತ್ತದೆ?

ಮೈಕ್ರೋ ಆರ್‌ಎನ್‌ಎ ದಾರಿ ಎಂದು ಅನಿಸಿದರೆ, ಲೂಸಿಫರೇಸ್ ಪರೀಕ್ಷೆ ಒಂದರಿಂದ ತೃಪ್ತರಾಗಬೇಡಿ. ಅದರಲ್ಲಿ ಎಲ್ಲವೂ ಅತಿಯಾಗಿ ತುಂಬಿರುತ್ತದೆ. ವೃತ್ತ, ಮೈಕ್ರೋ ಆರ್‌ಎನ್‌ಎಯನ್ನು ಹೊತ್ತಿರುವ ಎಜಿಒ2 ಪ್ರೋಟೀನ್ ಜೊತೆ ಸಹಜ ಪ್ರಮಾಣದಲ್ಲೇ ಕೂತಿದೆಯೋ ನೋಡಿ. ಜಾಗ ಕೆಡಿಸಿದ ವೃತ್ತ ಕೊಟ್ಟಾಗ ಪರಿಣಾಮ ಹೋಗಬೇಕು.

ಪ್ರೋಟೀನ್ ಹಿಡಿಯುವ ವೃತ್ತಗಳೂ ಇವೆ. ಸರ್ಕ್‌ಫಾಕ್ಸೋ3 ಎಂಬುದು ಪಿ21 ಮತ್ತು ಸಿಡಿಕೆ2 ಎರಡನ್ನೂ ಸೇರಿಸಿ ಹಿಡಿದು ಕೋಶಚಕ್ರ ನಿಧಾನ ಮಾಡುತ್ತದೆ ಎಂದು 2016ರಲ್ಲಿ ತೋರಿಸಿದ್ದಾರೆ. ಇಂಥ ಕೆಲಸಕ್ಕೆ ವೃತ್ತದಿಂದ ಪ್ರೋಟೀನ್ ಎಳೆದು ನೋಡಿ, ಪ್ರೋಟೀನಿನಿಂದ ವೃತ್ತವನ್ನೂ ಎಳೆದು ನೋಡಿ.

ನನಗೆ ಅತಿ ಕುತೂಹಲ ಹುಟ್ಟಿಸುವುದು ಪ್ರೋಟೀನ್ ತಯಾರಿಸುವ ವೃತ್ತಗಳು. ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರಿನ ಎರಡು ಉದಾಹರಣೆ ನೋಡಿ. ಸರ್ಕ್-ಎಕೆಟಿ3ಯಿಂದ 174 ಅಮೈನೋ ಆಮ್ಲಗಳ ಪ್ರೋಟೀನ್ ಬರುತ್ತದೆ. ಅದು ಎಕೆಟಿಯನ್ನು ಚುರುಕು ಮಾಡುವ ಪಿಡಿಕೆ1 ಜೊತೆ ಕೂತು ಎಕೆಟಿಯ ಥ್ರಿಯೋನಿನ್ 308ಕ್ಕೆ ಫಾಸ್ಫೇಟ್ ಸೇರದಂತೆ ತಡೆಯುತ್ತದೆ, ಅಂದರೆ ಬ್ರೇಕ್ ಹಾಕುತ್ತದೆ. 2021ರಲ್ಲಿ ಬಂದ ಇನ್ನೊಂದು ಕೆಲಸದಲ್ಲಿ ಇ-ಕ್ಯಾಡ್‌ಹೆರಿನ್ ಜೀನ್‌ನ ವೃತ್ತದಿಂದ 254 ಅಮೈನೋ ಆಮ್ಲಗಳ ಪ್ರೋಟೀನ್ ಸಿಕ್ಕಿತು. ರೈಬೋಸೋಮ್ ಜಂಕ್ಷನ್ ದಾಟಿ ಇನ್ನೊಂದು ಸುತ್ತಿಗೆ ಹೋಗುವಾಗ ಓದುವ ಚೌಕಟ್ಟು ಸರಿಯುತ್ತದೆ, ಕೊನೆಯ 14 ಅಮೈನೋ ಆಮ್ಲಗಳು ಬೇರೆಲ್ಲೂ ಇಲ್ಲದ ಹಾಗೆ ಬರುತ್ತವೆ. ಈ ಪ್ರೋಟೀನ್ ಕೋಶದ ಹೊರಗೆ ಹೋಗಿ, ಇಜಿಎಫ್ ಇಲ್ಲದೆಯೂ ಇಜಿಎಫ್‌ಆರ್ ಅನ್ನು ಎಬ್ಬಿಸುತ್ತದೆ. ನಿಮ್ಮ ವೃತ್ತ ಪ್ರೋಟೀನ್ ಮಾಡುತ್ತದೆ ಎನ್ನಲು ಜಂಕ್ಷನ್ ದಾಟುವ ಪೆಪ್ಟೈಡ್ ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಸಿಗಬೇಕು. ಪ್ಲಾಸ್ಮಿಡ್‌ನಿಂದ ಬಂದ ಪ್ರೋಟೀನ್ ಒಂದನ್ನೇ ತೋರಿಸಬೇಡಿ. ಪ್ಲಾಸ್ಮಿಡ್‌ನ ಬೇಡದ ನೇರ ಆರ್‌ಎನ್‌ಎಗಳಿಂದಲೂ ಅದೇ ಪ್ರೋಟೀನ್ ಬರಬಹುದು ಎಂದು 2020ರಲ್ಲಿ ತೋರಿಸಿದ್ದಾರೆ.

ಬರೆಯುವಾಗ

ಒಂದೇ ಜೀನ್‌ನಿಂದ ಹತ್ತಾರು ವೃತ್ತಗಳು ಬರಬಹುದು. ಬರೀ ಜೀನ್ ಹೆಸರು ಹೇಳಿದರೆ ಯಾವುದೆಂದು ತಿಳಿಯುವುದಿಲ್ಲ. 2023ರಲ್ಲಿ ಈ ಕ್ಷೇತ್ರದವರು ಸೇರಿ ಒಂದು ಪದ್ಧತಿ ಸೂಚಿಸಿದ್ದಾರೆ. ಜೀನ್ ಹೆಸರಿನ ಪಕ್ಕದಲ್ಲೇ ಎಕ್ಸಾನ್ ಸಂಖ್ಯೆ ಬರೆಯಬೇಕು. ಎಚ್‌ಐಪಿಕೆ3 ಜೀನ್‌ನ ಎರಡನೇ ಎಕ್ಸಾನ್‌ನಿಂದ ಆಗುವ 1099 ಅಕ್ಷರಗಳ ವೃತ್ತ ಹೀಗೆ ಸರ್ಕ್‌ಎಚ್‌ಐಪಿಕೆ3(2) ಆಗುತ್ತದೆ. ಇದರ ಜೊತೆಗೆ ವೃತ್ತದ ಪೂರ್ತಿ ಸೀಕ್ವೆನ್ಸ್, ಜಂಕ್ಷನ್ನಿನ ಜೀನೋಮ್ ವಿಳಾಸ, ಪ್ರೈಮರ್ ಮತ್ತು ಎಸ್ಐಆರ್‌ಎನ್‌ಎಗಳ ಅಕ್ಷರಗಳು, ಕತ್ತರಿಸದ ಬ್ಲಾಟ್ ಚಿತ್ರಗಳು, ಕೋಶಕ್ಕೆ ಎಷ್ಟು ಪ್ರತಿ ಎಂಬ ಸಂಖ್ಯೆ ಎಲ್ಲವನ್ನೂ ಪೇಪರಿನಲ್ಲಿ ಕೊಡಿ. ಪರಿಣಾಮ ಕಾಣದ ಸೆಲ್ ಲೈನ್‌ಗಳ ಹೆಸರನ್ನೂ ಸೇರಿಸಿ. ಅದೇ ವೃತ್ತದ ಮೇಲೆ ಮುಂದೆ ಕೆಲಸ ಮಾಡುವವರು ಮೊದಲು ಹುಡುಕುವುದು ಅದನ್ನೇ.